ಗೋಟುಬೆಡ್ ಎಂಬ ಮನೆತನ

ಐರಿಸ್, ನಿನ್ನ ಮನೆತನದ ಹೆಸರಿನ ಬಗ್ಗೆ ನಾನು ಹೇಳಿದ್ದು ಸುಳ್ಳು. ತಿಳಿಯದೆ ಆಡಿದ ಮಾತಲ್ಲ. ನಿಜವೇನೆಂದು ಬರೆದು ನಿನಗೆ ಬಂದಿದ್ದ ಕಾಗದವನ್ನು ನಾನೇ ಒಡೆದು, ಎರಡು ಸಲ ಓದಿ, ಹರಿದು ಹಾಕಿ — ಅದಾದ ಹತ್ತು ದಿನಕ್ಕೆ, ನಿನ್ನ ಮುಖ ನೋಡಿಕೊಂಡೇ ಆಡಿದ ಸುಳ್ಳು. ನೀನು ನಂಬಿದೆ. ನಿನ್ನ ಬಾಯಿಂದ ಕೇಳಿ ನಿನ್ನ ತಂದೆಯೂ ನಂಬಿದರು.

ಇದನ್ನು ಬರೆಯಲು ನನಗೆ ಎಷ್ಟು ವರ್ಷ ಹಿಡಿಯಿತು ಎಂದು ಹೇಳಹೊರಟಿದ್ದೆ — ಬೇಡ. ಅದೂ ಒಂದು ನೆಪದಂತೆ ಕೇಳಿಸುತ್ತದೆ.

ನೀನೊಬ್ಬಳೇ ಓದುವುದಾಗಿದ್ದರೆ ಇಷ್ಟೇ ಸಾಕಿತ್ತು. ನೀನು ಈಗ ಯಾವ ಊರಿನಲ್ಲಿದ್ದೀಯೋ ತಿಳಿಯದೆ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಆದ್ದರಿಂದ ಮೊದಲಿನಿಂದ ಹೇಳಬೇಕು. ನೀನು ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದೆ. ನಿಧಾನವಾಗಿಯೇ ಓದು.

ತೊಂಬತ್ತರ ದಶಕದ ನಡುವಿನ ವರ್ಷಗಳು. ದುಬೈನ ರಾಸ್ ಅಲ್ ಖೋರ್‌ನಲ್ಲಿ ಬಾಗಿಲು, ಕಿಟಕಿ, ಕಚೇರಿಗಳ ಮರದ ಗೋಡೆ ಮಾಡಿಕೊಡುವ ಒಂದು ಕಂಪನಿ. ಹಿಂದೆ ವರ್ಕ್‌ಶಾಪು, ಮುಂದೆ ನಮ್ಮ ಆಫೀಸು. ನಾನು ಮೈಸೂರಿನಿಂದ ಇಂಗ್ಲಿಷ್ ಎಂ.ಎ. ಮಾಡಿ ಹೋದವಳು, ಅಲ್ಲಿ ಟೈಪಿಸ್ಟ್. ಐರಿಸ್ ಕೋಲಾರದ ಚಿನ್ನದ ಗಣಿಯ ಊರಿನ ಆಂಗ್ಲೋ-ಇಂಡಿಯನ್ ಹುಡುಗಿ, ಪಿಯುಸಿ ಓದಿದವಳು. ಫೋನ್ ಎತ್ತುವ ಕೆಲಸ. ನಾನು ಹೋದ ಮೊದಲ ವಾರ ಇರಲು ಜಾಗವಿರಲಿಲ್ಲ. ಕರಾಮದಲ್ಲಿ ಅವಳಿದ್ದ ಕೋಣೆಯಲ್ಲಿ ಒಂದು ಬೆಡ್‌ಸ್ಪೇಸ್, ಅಂದರೆ ಬಾಡಿಗೆಯ ಒಂದು ಮಂಚದ ಜಾಗ, ಖಾಲಿಯಾಗುವವರೆಗೆ ತನ್ನ ಮಂಚವನ್ನೇ ನನಗೆ ಬಿಟ್ಟುಕೊಟ್ಟು ಹದಿನೈದು ದಿನ ನೆಲದ ಮೇಲೆ ಮಲಗಿದಳು. ನಾನು ಮಾಂಸ ತಿನ್ನುವುದಿಲ್ಲವೆಂದು ಒಂದು ಪಾತ್ರೆಯನ್ನು ಬೇರೆ ಇಟ್ಟಳು. ಅದರ ಹಿಡಿಗೆ ಕೆಂಪು ದಾರ ಕಟ್ಟಿ, "ಇದು ವಿಮಲಾದು, ಯಾರೂ ಮುಟ್ಟಬೇಡಿ ಮಾ" ಎಂದು ಕೋಣೆಯ ಉಳಿದ ಇಬ್ಬರಿಗೂ ಹೇಳಿಟ್ಟಳು.

ಅವಳ ಪೂರ್ತಿ ಹೆಸರು ಐರಿಸ್ ಗೋಟುಬೆಡ್.

ಇಂಗ್ಲಿಷ್ ಬಲ್ಲವರಿಗೆ ನಗು ಬರುವುದು ಏಕೆಂದು ಹೇಳಬೇಕಾಗಿಲ್ಲ. ಅದನ್ನು ಮೂರು ತುಂಡು ಮಾಡಿ ಓದಿದರೆ 'ಹೋಗಿ ಮಲಗು' ಎಂದಾಗುತ್ತದೆ. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ಆ ಕಡೆ ಒಂದು ಕ್ಷಣ ಸದ್ದಡಗುವುದು, ಆಮೇಲೆ ಕೆಮ್ಮು, ಆಮೇಲೆ "ಇನ್ನೊಮ್ಮೆ ಹೇಳುತ್ತೀರಾ?" ಅವಳು ಬೇಸರವಿಲ್ಲದೆ ಇನ್ನೊಮ್ಮೆ ಹೇಳುತ್ತಿದ್ದಳು, ಅಕ್ಷರ ಬಿಡಿಸಿ. ವರ್ಕ್‌ಶಾಪಿನವರಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅವರು 'ಐರಿಸ್ ಮೇಡಂ' ಎನ್ನುತ್ತಿದ್ದರು, ಅಷ್ಟೆ. ಒಂದು ದಿನ ಸ್ಟೋರ್‌ಕೀಪರ್‌ಗೆ ಹಿಂದಿಯಲ್ಲಿ ಬಿಡಿಸಿ ಹೇಳಿದವಳು ನಾನು. "ಜಾಕೇ ಸೋ ಜಾವೋ ಅಂತ ಅರ್ಥ" — ನಗುನಗುತ್ತಲೇ ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವಳು ವರ್ಕ್‌ಶಾಪು ದಾಟಿ ಬರುವಾಗ ಗರಗಸಗಳ ನಡುವಿನಿಂದ ಯಾರೋ "ಗುಡ್ ನೈಟ್ ಮೇಡಂ" ಎಂದು ಕೂಗಿದರು. ಆಮೇಲೆ ದಿನವೂ ಕೂಗಿದರು. ಕೆಲವರು ಅದಕ್ಕಿಂತ ಕೀಳಾಗಿ — ಅದನ್ನು ಇಲ್ಲಿ ಬರೆಯಲಾರೆ. ಯಾರು ಹೇಳಿಕೊಟ್ಟರೆಂದು ಐರಿಸ್‌ಗೆ ತಿಳಿಯಲೇ ಇಲ್ಲ. ಅವಳೂ ನಕ್ಕುಬಿಡುತ್ತಿದ್ದಳು. ಬಾತ್‌ರೂಮಿನಿಂದ ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು. ನಾನು ನೋಡಿದ್ದೇನೆ.

ಆದರೂ ಆ ಹೆಸರೆಂದರೆ ಅವಳಿಗೆ ಹೆಮ್ಮೆ. ಹೆಮ್ಮೆ ಅವಳ ತಂದೆಯದು, ಅವಳಿಗೆ ಅಂಟಿಕೊಂಡಿತ್ತು. ತಂದೆ ಸಿರಿಲ್ ಗಣಿಯಲ್ಲಿ ಜನರನ್ನು ಕೆಳಗಿಳಿಸಿ ಮೇಲೆತ್ತುವ ಯಂತ್ರ ನಡೆಸುತ್ತಿದ್ದವರು. ಅವರ ಅಜ್ಜ ಥಾಮಸ್ ಇಂಗ್ಲೆಂಡಿನಿಂದ ಗಣಿಯ ಕೆಲಸಕ್ಕೆ ಬಂದವರಂತೆ, ಅಲ್ಲೇ ಮದುವೆಯಾಗಿ ಅಲ್ಲೇ ಮಣ್ಣಾದವರಂತೆ. ಬಾಗಿಲ ಮೇಲೆ ಹಿತ್ತಾಳೆಯ ಹಲಗೆಯಲ್ಲಿ ಹೆಸರು. ಭಾನುವಾರ ಇಗರ್ಜಿಗೆ ಹೊರಡುವ ಮುನ್ನ ಸಿರಿಲ್ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ. ಹೆಂಡತಿ ತೀರಿಕೊಂಡಿದ್ದರು, ಗಣಿ ಮುಚ್ಚುವ ಮಾತು ನಡೆದಿತ್ತು. ಮಗಳ ಹತ್ತಿರ ಅವರು ಕೇಳಿದ್ದು ಒಂದೇ. "ನಮ್ಮ ಹೆಸರು ಎಲ್ಲಿಂದ ಬಂತು, ಅದಕ್ಕೆ ಏನರ್ಥ, ಇನ್ನೂ ಎಷ್ಟು ಮಂದಿ ಇದ್ದಾರೆ — ಸ್ವಲ್ಪ ಕೇಳಿ ತಿಳಿಸು ಮಗಳೇ. ಗಲ್ಫ್‌ನಲ್ಲಿ ಇಂಗ್ಲಿಷಿನವರು ಸಿಗ್ತಾರಲ್ಲ."

ಅವಳು ಕೇಳಿದಳು. ನಮ್ಮ ಮ್ಯಾನೇಜರ್ ಇಂಗ್ಲಿಷಿನವರು. ಅಂಥ ಹೆಸರು ತಮ್ಮ ದೇಶದ ಪೂರ್ವದ ಕಡೆ ಇದೆಯೆಂದು ಎಲ್ಲೋ ಕೇಳಿದ ನೆನಪು ಎಂದರು. ಥಾಮಸ್ ಅವರ ಮದುವೆಯ ದಾಖಲೆಯಲ್ಲಿ ಅವರು ಹುಟ್ಟಿದ ಹಳ್ಳಿಯ ಹೆಸರಿತ್ತು. ಆ ಹಳ್ಳಿಯ ಚರ್ಚಿಗೆ ಐರಿಸ್ ಒಂದು ಕಾಗದ ಬರೆದಳು. ವಿಳಾಸದ ಜಾಗದಲ್ಲಿ ನಮ್ಮ ಕಂಪನಿಯ ಪೋಸ್ಟ್ ಬಾಕ್ಸ್ ನಂಬರು ಹಾಕಿದಳು. ಆ ದೇಶದಲ್ಲಿ ಮನೆಗೆ ಅಂಚೆ ಬರುವುದಿಲ್ಲ, ಎಲ್ಲರ ಕಾಗದವೂ ಕಂಪನಿಯ ಬಾಕ್ಸಿಗೇ ಬರುವುದು. ಬಂದದ್ದನ್ನು ಬಿಡಿಸಿ ಅವರವರಿಗೆ ಹಂಚುವುದು ನನ್ನ ಕೆಲಸ.

ಇನ್ನು ನನ್ನ ವಿಷಯ. ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ನಮ್ಮ ಕಡೆ ಅಂಥದ್ದು ಇರುವುದಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡರೆ ಮುಗಿಯಿತು. ಅಲ್ಲಿ ಪ್ರತಿ ಫಾರಂನಲ್ಲೂ ಆ ಜಾಗಕ್ಕೆ ಏನಾದರೂ ತುಂಬಲೇಬೇಕು. ಕೌಂಟರಿನವರು ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ನನ್ನ ಹೆಸರನ್ನೇ ಎರಡು ಸಲ ಬರೆದು ಕಳಿಸುತ್ತಿದ್ದರು. ಇದನ್ನು ಆಗ ನಾನು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದೆ. ತಮಾಷೆಯಾಗಿ ತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರಿಗೆ ಒಬ್ಬ ಸೆಕ್ರೆಟರಿ ಬೇಕಾಯಿತು. ಕಂಪನಿಯ ಪತ್ರಗಳನ್ನೆಲ್ಲ ತಿದ್ದುತ್ತಿದ್ದವಳು ನಾನು, ಐರಿಸ್‌ಳ ಕಾಗುಣಿತವನ್ನೂ ಸೇರಿಸಿ. ಆ ಕೆಲಸ ನನ್ನದೇ ಎಂದುಕೊಂಡು ಒಂದು ಹೊಸ ಸೀರೆಯನ್ನೂ ತೆಗೆದಿಟ್ಟಿದ್ದೆ. ಕೊಟ್ಟದ್ದು ಐರಿಸ್‌ಗೆ. "ಫೋನಿನಲ್ಲಿ ಅವಳ ಮಾತು, ಆ ಹೆಸರು ಕೇಳಿ ಗಿರಾಕಿಗಳು ಅವಳು ಇಂಗ್ಲೆಂಡಿನವಳೇ ಅಂದುಕೊಳ್ಳುತ್ತಾರೆ, ನಮಗೆ ಅದು ಒಳ್ಳೆಯದು" ಎಂದು ಮ್ಯಾನೇಜರ್ ನನಗೇ ವಿವರಿಸಿದರು. ತುಂಬ ಸೌಜನ್ಯದಿಂದ. ಐರಿಸ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಂಗೆ ಬರಬೇಕಾಗಿತ್ತು ಮಾ ಇದು. ನಾನು ಸಾರ್‌ಗೆ ಹೇಳ್ದೆ, ಕೇಳಲಿಲ್ಲ."

ಅವಳು ಹಾಗೆ ಹೇಳದೆ ಇದ್ದಿದ್ದರೆ — ಗೊತ್ತಿಲ್ಲ. ಜಂಬಪಟ್ಟಿದ್ದರೆ ನಾನು ಎರಡು ದಿನ ಮಾತು ಬಿಟ್ಟು ಸುಮ್ಮನಾಗುತ್ತಿದ್ದೆನೇನೋ. ಅವಳ ಕನಿಕರ ನನಗೆ ತಡೆಯಲಾಗಲಿಲ್ಲ.

ಎರಡು ವಾರಕ್ಕೆ ಆ ಕಾಗದ ಬಂತು. ಪೋಸ್ಟ್ ಬಾಕ್ಸಿನ ಬೀಗದ ಕೈ ಇದ್ದದ್ದು ಬಂಟ್ವಾಳದ ಕಡೆಯ ಹಮೀದಾಕನ ಹತ್ತಿರ. ಆಫೀಸಿನ ವ್ಯಾನು ಓಡಿಸುತ್ತಿದ್ದವರು. ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಇದೊಂದು ಐರಿಸ್ ಮೇಡಮಿಗೆ ಉಂಟು ನೋಡಿ, ಇಂಗ್ಲೆಂಡಿಂದ ಬಂದದ್ದು. ಅವರು ದಿನಾ ಕಾಯ್ತಾ ಇದ್ದರು ಪಾಪ. ಮೊದಲು ಅದನ್ನೇ ಕೊಟ್ಟುಬಿಡಿ" ಎಂದರು.

"ಕೊಡ್ತೀನಿ" ಎಂದೆ.

ಐರಿಸ್ ಮ್ಯಾನೇಜರ್ ಜೊತೆ ಅಬುಧಾಬಿಗೆ ಹೋಗಿದ್ದಳು. ನಾನು ಒಡೆದೆ.

ಬರೆದವರು ಮೇಬಲ್ ಎಂಬ ಮುದುಕಿ, ಅವರದ್ದೂ ಅದೇ ಮನೆತನ. ಚರ್ಚಿನ ಪಾದ್ರಿ ನಿನ್ನ ಕಾಗದವನ್ನು ಅವರಿಗೆ ತಲುಪಿಸಿದ್ದರಂತೆ. ಐರಿಸ್, ಅದರಲ್ಲಿದ್ದದ್ದು ಇದು. ಬಾಯಿಪಾಠವಾಗಿದೆ, ಆದರೂ ಮಾತು ಅವರದ್ದೇ ಎಂದು ಆಣೆ ಮಾಡಲಾರೆ. ಇಂಗ್ಲೆಂಡಿನ ಪೂರ್ವದ ಜೌಗು ಬಯಲಿನ ಸೀಮೆಯಲ್ಲಿ ಆ ಹೆಸರು ನೂರಾರು ವರ್ಷದಿಂದ ಇದೆ. ಕತ್ತಲಾಗುವ ಮುಂಚೆ ಹಾಸಿಗೆ ಸೇರುತ್ತಿದ್ದ ಯಾರೋ ಒಬ್ಬನಿಗೆ ನೆರೆಯವರು ಇಟ್ಟ ಅಡ್ಡಹೆಸರು ಇರಬಹುದು. ಹಾಸಿಗೆ ಮಾಡಿ ಮಾರುವವನ ಕಸುಬಿನ ಹೆಸರು ಎನ್ನುವವರೂ ಇದ್ದಾರೆ. ಹಳೆಯ ಕಾಲದ ಒಂದು ಗಂಡುಹೆಸರು ನಾಲಗೆಯ ಮೇಲೆ ಸವೆದು ಹೀಗಾಯಿತು ಎಂದು ಇನ್ನು ಕೆಲವರು. ಯಾವುದೂ ಖಚಿತವಿಲ್ಲ, ಆದರೆ ಯಾವುದರಲ್ಲೂ ನಾಚಿಕೆಪಡುವಂಥದ್ದೇನಿಲ್ಲ. ಒಂದು ಕಾಲಕ್ಕೆ ಆ ಹಳ್ಳಿಗಳಲ್ಲಿ ಈ ಹೆಸರಿನವರು ಬೇಕಾದಷ್ಟು ಇದ್ದರು. ಪಟ್ಟಣ ಸೇರಿದವರು ಜನ ನಗುತ್ತಾರೆಂದು ಒಬ್ಬೊಬ್ಬರಾಗಿ ಬದಲಿಸಿಕೊಂಡರು. ಈಗ ಇಂಗ್ಲೆಂಡಿನಲ್ಲೇ ಅಪರೂಪ.

ಕೊನೆಯಲ್ಲಿ ಥಾಮಸ್ ವಿಷಯ. ಮೇಬಲ್ ಮನೆಯ ಹಳೆಯ ಬೈಬಲಿನ ಒಳಹಾಳೆಯಲ್ಲಿ ಬರೆದಿಟ್ಟಿತ್ತು — ಥಾಮಸ್, ಯಂತ್ರದ ಕೆಲಸಗಾರ, ಮೈಸೂರು ಸೀಮೆಯ ಚಿನ್ನದ ಗಣಿಗೆ ಹೋದ, ಅಲ್ಲಿ ಮೇರಿ ಎಂಬವಳನ್ನು ಚರ್ಚಿನಲ್ಲಿ ಮದುವೆಯಾದ, ಮೊದಲ ಮಗನಿಗೆ ತನ್ನ ತಂದೆಯ ಹೆಸರಿಟ್ಟ. 'ನಾವು ನಗೆಪಾಟಲಾದರೂ ಹೆಸರು ಬಿಡಲಿಲ್ಲ. ಇಂಡಿಯಾದಲ್ಲೂ ಒಂದು ಮನೆಯವರು ಅದನ್ನು ಬಿಡದೆ ಉಳಿಸಿಕೊಂಡಿದ್ದಾರೆ ಎಂದು ತಿಳಿದ ದಿನ ನಾನು ಅತ್ತುಬಿಟ್ಟೆ. ನಿಮ್ಮ ತಂದೆಗೆ ಹೇಳಿ, ಅವರಿಗೆ ಇಲ್ಲೊಬ್ಬಳು ಅಕ್ಕ ಇದ್ದಾಳೆಂದು.'

ಎರಡನೆಯ ಸಲ ಓದಿದಾಗ ನನಗೆ ಉಂಟಾದದ್ದು ಮರುಕವಲ್ಲ. ಇವಳಿಗೆ ಇದೂ ಬೇಕೆ ಎನ್ನಿಸಿತು. ಕೆಲಸ ಸಿಕ್ಕಿತು, ಈಗ ನೂರಾರು ವರ್ಷದ ವಂಶವೂ ಸಿಕ್ಕಿತು. ಕಾಗದವನ್ನು ಸಣ್ಣಗೆ ಹರಿದು, ವರ್ಕ್‌ಶಾಪಿಗೆ ಹೋಗಿ, ಮರದ ಪುಡಿ ತುಂಬಿದ ಡ್ರಮ್ಮಿಗೆ ಹಾಕಿ ಕೈಯಿಂದ ಕಲೆಸಿದೆ. ಮೇಬಲ್ ವಿಳಾಸ ಮೇಲ್ಗಡೆ ಬರೆದಿತ್ತು. ಅದನ್ನು ನೆನಪಿಟ್ಟುಕೊಳ್ಳಬಾರದೆಂದೇ ಮೊದಲು ಹರಿದದ್ದು ಅದನ್ನು.

ಮಾರನೆಯ ಸಂಜೆ ಹಮೀದಾಕ ಕೇಳಿದರು. "ಕಾಗದ ಕೊಟ್ಟಿರಾ ಮೇಡಂ? ಖುಷಿ ಆಯ್ತಾ ಅವರಿಗೆ?"

"ಕೊಟ್ಟೆ. ಏನೋ ಬೇಜಾರಿನ ಸುದ್ದಿಯಂತೆ. ನೀವು ಅದರ ಮಾತು ಎತ್ತಬೇಡಿ" ಎಂದೆ. ಆ ಒಳ್ಳೆಯ ಮನುಷ್ಯ ಎತ್ತಲಿಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಾಗದ ಕಳೆದುಹೋಯಿತೆಂದುಕೊಂಡು ನೀನು ಇನ್ನೊಂದು ಬರೆಯುತ್ತಿದ್ದೆ. ಹಾಗೆ ಬರೆಯುತ್ತೀಯೆಂದು ಗೊತ್ತಿತ್ತು, ಅದಕ್ಕೇ —

ಶುಕ್ರವಾರ, ರಜೆಯ ದಿನ, ಮಧ್ಯಾಹ್ನದ ಊಟದ ಹೊತ್ತು. ನೀನು ತೆಂಗಿನ ಹಾಲಿನ ಹಳದಿ ಅನ್ನ ಮಾಡಿದ್ದೆ, ನನ್ನ ಪಾತ್ರೆಯಲ್ಲಿ ಬೇರೆಯಾಗಿ ಆಲೂಗಡ್ಡೆ ಪಲ್ಯ. ಕೋಣೆಯಲ್ಲಿ ನಾವಿಬ್ಬರೇ. ಬಡಿಸುತ್ತ ನೀನು ಕೇಳಿದೆ. "ಇಷ್ಟು ದಿನ ಆದ್ರೂ ಇಂಗ್ಲೆಂಡಿಂದ ಉತ್ತರ ಇಲ್ಲ ಮಾ. ಇನ್ನೊಂದು ಲೆಟರ್ ಹಾಕ್ಲಾ? ನೀನು ಒಳ್ಳೆ ಇಂಗ್ಲಿಷಲ್ಲಿ ಬರೆದುಕೊಡ್ತೀಯಾ?"

ನಾನು ತುತ್ತು ಕೆಳಗಿಟ್ಟೆ. ಹೇಳಲು ಕಷ್ಟವಾಗುತ್ತಿದೆ ಎಂಬಂತೆ ಮುಖ ಮಾಡಿದೆ. ಅದನ್ನು ಕೋಣೆಯ ಕನ್ನಡಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ, ಐರಿಸ್. ಇದನ್ನೂ ಹೇಳಿಬಿಡಬೇಕು.

"ಬರೀಬೇಡ. ಯಾರೂ ಉತ್ತರ ಕೊಡಲ್ಲ. ನಾನು ಎಂ.ಎ.ಯಲ್ಲಿ ಇದನ್ನೆಲ್ಲ ಓದಿದೀನಿ, ವಿಚಾರಿಸಿಯೂ ನೋಡಿದೆ. ಅಂಥ ಮನೆತನ ಇಂಗ್ಲೆಂಡಿನಲ್ಲಿ ಇಲ್ಲವೇ ಇಲ್ಲ ಕಣೇ. ಸಾರ್ ಹೇಳಿದ್ದು ನಿನ್ನ ಸಮಾಧಾನಕ್ಕೆ. ನಿಮ್ಮ ಮುತ್ತಜ್ಜಿ ಹತ್ತಿರ ಬಂದುಹೋಗ್ತಿದ್ದ ಯಾವನೋ ಬಿಳಿಯ, ಹೊರಡುವಾಗ ಅವಳು ಹೆಸರು ಕೇಳಿದ್ದಕ್ಕೆ ತಮಾಷೆಗೆ ಹೇಳಿ ಹೋಗಿದಾನೆ — ಹೋಗಿ ಮಲಕ್ಕೋ ಅಂತ. ಅವಳಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಪಾಪ. ನೀವು ಅದನ್ನೇ ಬಾಗಿಲ ಮೇಲೆ ಬರೆಸಿ ಇಟ್ಕೊಂಡಿದೀರಿ."

ನೀನು ಅಳಲಿಲ್ಲ. ನಿನ್ನ ಕೈಯಲ್ಲಿ ಅನ್ನದ ಸೌಟು ಹಾಗೇ ಇತ್ತು. "ಮದುವೆ ಕಾಗದ ಇದೆಯಲ್ಲ?" ಎಂದೆ ನೀನು, ಬಹಳ ಮೆಲ್ಲಗೆ.

"ಆ ಕಾಲದಲ್ಲಿ ಮಾನ ಉಳಿಸೋಕೆ ಪಾದ್ರಿಗಳು ಆಮೇಲೆ ಎಷ್ಟೋ ಬರೆದುಕೊಡ್ತಿದ್ರು."

ಅದಕ್ಕೂ ಉತ್ತರ ಸಿದ್ಧವಾಗಿತ್ತು ನೋಡು ನನ್ನಲ್ಲಿ.

ನೀನು ನನಗೆ ಇನ್ನೊಂದು ಸೌಟು ಅನ್ನ ಹಾಕಿದೆ. ನಾನು ತಿಂದೆ.

ಆಮೇಲಿನದ್ದು ಬೇಗ ಮುಗಿಯುತ್ತದೆ. ನೀನು ಫೋನಿನಲ್ಲಿ ಮನೆತನದ ಹೆಸರು ಹೇಳುವುದನ್ನು ನಿಲ್ಲಿಸಿದೆ. ತಿಂಗಳೊಳಗೆ ಪಾಸ್‌ಪೋರ್ಟಿನಲ್ಲಿ ಅದನ್ನು ತೆಗೆಸಿ ತಂದೆಯ ಹೆಸರು ಸೇರಿಸಿಕೊಂಡು 'ಐರಿಸ್ ಸಿರಿಲ್' ಆಗಲು ತೀರ್ಮಾನಿಸಿದೆ. ಅಫಿಡವಿಟ್, ಪತ್ರಿಕೆಯ ಜಾಹೀರಾತು, ಕಾನ್ಸುಲೇಟಿನ ಅರ್ಜಿ — ಮೂರನ್ನೂ ಟೈಪ್ ಮಾಡಿದವಳು ನಾನು. 'ಇಂದಿನಿಂದ ಆ ಹೆಸರಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ' ಎಂಬ ಸಾಲನ್ನು ನೀನು ಕೇಳಿರಲಿಲ್ಲ, ಯಾವ ನಮೂನೆಯಲ್ಲೂ ಇರಲಿಲ್ಲ. ನಾನಾಗಿ ಸೇರಿಸಿದೆ. ನೀನು ಓದದೆ ಸಹಿ ಹಾಕಿದೆ. ನನ್ನ ಟೈಪಿನಲ್ಲಿ ತಪ್ಪಿರುವುದಿಲ್ಲವೆಂದು ನಿನಗೆ ನಂಬಿಕೆ.

ಮ್ಯಾನೇಜರ್ ಏಕೆಂದು ಕೇಳಿದರು. ನೀನು ಅವರಿಗೆ ಕಾರಣ ಹೇಳಲಿಲ್ಲ. ಮೊದಲಿನ ಹಾಗೆ ಗಟ್ಟಿಯಾಗಿ ಮಾತಾಡುತ್ತಲೂ ಇರಲಿಲ್ಲ. ಮುಂದಿನ ಬೇಸಿಗೆಗೆ ಕೆಲಸ ಬಿಟ್ಟು ಅಬುಧಾಬಿಯ ಒಂದು ಶಿಶುವಿಹಾರಕ್ಕೆ ಸೇರಿದೆ. ನಿನ್ನ ಕುರ್ಚಿ ನನಗೆ ಬಂತು. ಒಂಬತ್ತು ವರ್ಷ ಅದರಲ್ಲಿ ಕುಳಿತೆ. ಕುಳಿತುಕೊಳ್ಳಲು ಚೆನ್ನಾಗಿಯೇ ಇತ್ತು. ಅದು ಮುಳ್ಳಾಗಿ ಚುಚ್ಚಿತು ಎಂದು ಬರೆದರೆ ಅದೂ ಸುಳ್ಳೇ ಆಗುತ್ತದೆ.

ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿತ್ತು. ಅಬುಧಾಬಿಯ ಬಸ್ ನಿಲ್ದಾಣದಲ್ಲಿ ಯಾರೋ "ವಿಮಲಾ!" ಎಂದು ಕೂಗಿ ಓಡಿ ಬಂದು ತಬ್ಬಿಕೊಂಡರು. ನೀನು. ಜೊತೆಗೆ ಆರೇಳು ವರ್ಷದ ಮಗಳು. "ಹೂ ಇಸ್ ದಿಸ್ ಆಂಟಿ, ಮಮ್ಮಿ?" ಎಂದು ಕೇಳಿತು ಮಗು.

"ಇವರು ವಿಮಲಾ ಆಂಟಿ. ಎಲ್ಲಾರೂ ಮಮ್ಮಿ ಹಿಂದೆ ನಗ್ತಾ ಇದ್ರಲ್ಲ, ಇವರೊಬ್ರೇ ಮುಖದ ಮೇಲೆ ನಿಜ ಹೇಳಿದ್ದು" ಎಂದೆ ನೀನು.

ನಿಲ್ದಾಣದ ಹೋಟೆಲಿನಲ್ಲಿ ನೀನೇ ಚಹಾ ಕೊಡಿಸಿದೆ. ತಂದೆಯ ವಿಷಯ ನೀನಾಗಿಯೇ ಹೇಳಿದೆ. ಮುಚ್ಚಿಡುವುದು ಮೋಸವೆಂದು ರಜೆಗೆ ಹೋದಾಗ ಅವರಿಗೆ ಎಲ್ಲ ಹೇಳಿಬಿಟ್ಟಿದ್ದೆಯಂತೆ. "ಡ್ಯಾಡಿ ಪೂರ್ತಿ ಕೇಳಿದ್ರು ಮಾ. ಯಾರು ಹೇಳಿದ್ದು ಅಂದ್ರು. ನನ್ನ ಫ್ರೆಂಡು, ಇಂಗ್ಲಿಷ್ ಎಂ.ಎ. ಅಂದೆ. ಅಷ್ಟು ಓದಿದವರು ಹೇಳಿದ್ರೆ ಸರಿಯಾಗೇ ಇರುತ್ತೆ ಅಂದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಸ್ಟೂಲ್ ಹಾಕ್ಕೊಂಡು ನಿಂತವ್ರೆ, ಬಾಗಿಲ ಮೇಲಿನ ಹಲಗೆ ಸ್ಕ್ರೂ ಬಿಚ್ತಾ ಇದಾರೆ. ನಾನು ಬಿಚ್ತೀನಿ ಅಂದೆ. ಬೇಡ, ನಮ್ಮಜ್ಜಿಗೆ ಆದ ಅವಮಾನ, ನಾನೇ ತೆಗೀಬೇಕು ಅಂದ್ರು."

ಮಾರನೆಯ ವರ್ಷ ಅವರು ಹೋಗಿಬಿಟ್ಟರಂತೆ.

ನಾನು ಆಗ ಹೇಳಬಹುದಿತ್ತು. ಮೇಜಿನ ಆಚೆ ನೀನಿದ್ದೆ, ಈಚೆ ನಾನಿದ್ದೆ. ನಾನು ಹೇಳಿದ್ದು, "ಇರಲಿ ಬಿಡು ಐರಿಸ್. ವಯಸ್ಸಾದವರು." ನಿನ್ನ ಮಗಳು ಮೇಜಿನ ಮೇಲೆ ಬೆರಳಿನಿಂದ ನೀರಿನಲ್ಲಿ ತನ್ನ ಹೆಸರು ಬರೆಯುತ್ತಿತ್ತು. ನಾನು ಬಸ್ಸಿನ ಹೊತ್ತು ನೋಡಿದೆ.

ಅದಾದ ವಾರ ಆಫೀಸಿನ ಕಂಪ್ಯೂಟರಿನಲ್ಲಿ ಆ ಹೆಸರನ್ನು ಹುಡುಕಿದೆ. ಮೇಬಲ್ ಬರೆದದ್ದರಲ್ಲಿ ಎಲ್ಲಾದರೂ ತಪ್ಪಿರಬಹುದು, ಒಂದಾದರೂ ನನ್ನ ಸುಳ್ಳಿನ ಕಡೆ ವಾಲಬಹುದು ಎಂಬ ಆಸೆ. ಮೂಲ, ಅರ್ಥ, ಎಷ್ಟು ಅಪರೂಪ — ಎಲ್ಲ ಅರ್ಧ ಪುಟದಲ್ಲಿತ್ತು, ಮುದುಕಿ ಹೇಳಿದ ಹಾಗೆಯೇ. ಯಾರು ಬೇಕಾದರೂ ನೋಡಬಹುದಾದ ಪುಟ. ನೀನು ನೋಡಿರುವುದಿಲ್ಲ. ಅವಮಾನವಾದ ಹೆಸರನ್ನು ಯಾರು ಹುಡುಕುತ್ತಾರೆ?

ನಾನು ಊರಿಗೆ ಮರಳಿ ಬಹಳ ಕಾಲವಾಯಿತು. ಈ ವರ್ಷ ಒಂದು ಬೆಳಿಗ್ಗೆ ಬಸ್ಸು ಹತ್ತಿ ನಿಮ್ಮ ಊರಿಗೆ ಹೋದೆ. ಇಗರ್ಜಿಯ ಹಿಂದಿನ ಸಮಾಧಿಗಳ ಪುಸ್ತಕ ನೋಡಿಕೊಳ್ಳುವ ಹಿರಿಯರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ನಿನ್ನ ತಾಯಿಯ ಕಲ್ಲಿನ ಮೇಲೆ ಪೂರ್ತಿ ಹೆಸರಿದೆ. ಪಕ್ಕದ ಕಲ್ಲಿನ ಮೇಲೆ 'ಸಿರಿಲ್', ಅಷ್ಟೆ.

"ಒಂದೇ ಹೆಸರು ಸಾಕು ಅಂತ ಅವರೇ ಬರೆದುಕೊಟ್ಟಿದ್ರು ಮಾ. ನಾವು ಎಷ್ಟೋ ಹೇಳಿದ್ವಿ, ಹೆಂಡ್ತಿದು ಒಂಥರ, ನಿಮ್ದು ಒಂಥರ ಚೆನ್ನಾಗಿರಲ್ಲ ಅಂತ. ಕೇಳಲಿಲ್ಲ."

ಆ ಹೆಸರನ್ನು ಕೆತ್ತಿಸಬೇಕು, ಖರ್ಚು ನನ್ನದು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಅವರಿಗೆ ಏನಾಗಬೇಕು?"

ನಾನು ಬ್ಯಾಗಿನಿಂದ ಹಣ ತೆಗೆದೆ. ಅವರು ತಾವಾಗಿಯೇ ಮುಂದುವರಿದರು. "ಮನೆಯವರು ಸಹಿ ಹಾಕಿದ್ರೆ ಮಾತ್ರ ಕಲ್ಲು ಮುಟ್ಟೋದು. ಮಗಳು ಇದಾಳಲ್ಲ, ಅವಳು ಬರಲಿ."

ಐರಿಸ್, ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಮನೆಯವರು ಸಹಿ ಹಾಕಬೇಕಾದ ಒಂದು ಫಾರಂ ಅವರ ಕೈಯಿಂದ ಇಸಿದುಕೊಂಡು ಅವರ ಪುಸ್ತಕದಲ್ಲೇ ಇರಿಸಿ ಬಂದಿದ್ದೇನೆ. ಬಂದು ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ನನಗೆ ತಿಳಿಸಬೇಕಾಗಿಲ್ಲ. ನಾನು ಅದರಲ್ಲಿ ಒಂದಕ್ಷರವನ್ನೂ ತುಂಬಿಲ್ಲ.